ಅಂಗಳದ ಅಡಿಕೆಗೂ ಹೊಸ ಕಲಂ

2024ರ ಜುಲೈ 1ರಿಂದ ಭಾರತದಲ್ಲಿ ಅಪರಾಧ ಕಾನೂನಿನ ಮೂರು ಮೂಲ ಪುಸ್ತಕಗಳೂ ಬದಲಾಗಿವೆ. 1860ರ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಾಗಿವೆ. ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಎಷ್ಟು ಎಂದು ಮೊದಲನೆಯದು ಹೇಳುತ್ತದೆ. ದೂರು ಕೊಟ್ಟಲ್ಲಿಂದ ತೀರ್ಪಿನವರೆಗಿನ ದಾರಿ ಎರಡನೆಯದರಲ್ಲಿದೆ. ಕೋರ್ಟಿನಲ್ಲಿ ಏನನ್ನು ನಂಬಬಹುದು ಎಂಬ ನಿಯಮಗಳು ಮೂರನೆಯದರಲ್ಲಿವೆ.

ಇಷ್ಟು ದೊಡ್ಡ ಬದಲಾವಣೆ ದಿಲ್ಲಿಯಲ್ಲಿ ಆಗಿದ್ದರೂ ಅದರ ಪರಿಣಾಮ ತಟ್ಟುವುದು ದಕ್ಷಿಣ ಕನ್ನಡದ ಸವಣೂರಿನಂಥ ಊರುಗಳಿಗೆ. ಮೊದಲು ಪುತ್ತೂರು ತಾಲೂಕಿನಲ್ಲಿದ್ದ ಸವಣೂರು ಈಗ ಕಡಬ ತಾಲೂಕಿಗೆ ಸೇರಿದೆ. ವಿಧಾನಸಭೆಗೆ ಮತ ಹಾಕುವುದು ಸುಳ್ಯ ಕ್ಷೇತ್ರದಲ್ಲಿ. ಆಸ್ಪತ್ರೆ, ಅಂಗಡಿ ಎಂದರೆ ಜನ ಬಸ್ಸು ಹತ್ತುವುದು ಪುತ್ತೂರು ಪೇಟೆಗೆ. ಇಲ್ಲಿ ಕೊಲೆ ಸುಲಿಗೆಗಳು ದಿನನಿತ್ಯದ ಸಂಗತಿಯಲ್ಲ. ಜನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಜಾಗದ ತಕರಾರಿನಲ್ಲಿ ಆದ ಹೊಡೆದಾಟಕ್ಕೆ, ಬೈಕ್ ಅಪಘಾತಕ್ಕೆ, ಮೊಬೈಲಿಗೆ ಬಂದ ಮೋಸದ ಕರೆಗೆ, ಅಡಿಕೆ ಕಳವಿಗೆ. ಹೊಸ ಕಾನೂನನ್ನು ಅಳೆಯಬೇಕಾದ ಜಾಗವೂ ಅದೇ.

ಹಳೆಯ ಸಂಹಿತೆ ಹುಟ್ಟಿದ ಕಾಲಕ್ಕೂ ಈ ಸೀಮೆಗೂ ಒಂದು ನೆನಪಿಡಬೇಕಾದ ನಂಟಿದೆ. ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆಯ ನೇತೃತ್ವದ ಮೊದಲ ಕಾನೂನು ಆಯೋಗ ದಂಡ ಸಂಹಿತೆಯ ಕರಡನ್ನು ಒಪ್ಪಿಸಿದ್ದು 1837ರಲ್ಲಿ. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಅಮರ ಸುಳ್ಯದ ರೈತರು ಕಂಪೆನಿ ಸರ್ಕಾರದ ವಿರುದ್ಧ ಎದ್ದಿದ್ದರು. ಕೊಡಗನ್ನು ಕಂಪೆನಿ ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದ್ದವು. ಧಾನ್ಯದ ರೂಪದಲ್ಲಿ ಕಂದಾಯ ಕೊಟ್ಟು ರೂಢಿಯಿದ್ದವರ ಮೇಲೆ ನಗದಿನ ಕಂದಾಯ ಬಿದ್ದಿತ್ತು. ಬೆಳ್ಳಾರೆಯ ಖಜಾನೆಯನ್ನು ವಶಕ್ಕೆ ತೆಗೆದುಕೊಂಡ ದಂಡು ಪುತ್ತೂರು ದಾಟಿ ಏಪ್ರಿಲ್ ಮೊದಲ ವಾರ ಮಂಗಳೂರಿಗೆ ನುಗ್ಗಿತು. ಕೆಲವೇ ದಿನಗಳಲ್ಲಿ ಬಂಡಾಯ ಮುರಿದುಬಿತ್ತು. ನಾಯಕರಲ್ಲಿ ಹಲವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಮದ್ರಾಸ್ ಪ್ರಾಂತ್ಯದ ಕ್ರಿಮಿನಲ್ ಕೋರ್ಟುಗಳು ಆಗ ನಡೆಯುತ್ತಿದ್ದದ್ದು ಕಂಪೆನಿಯ ರೆಗ್ಯುಲೇಶನ್ನುಗಳ ಮೇಲೆ, ಮತ್ತು ಆ ರೆಗ್ಯುಲೇಶನ್ನುಗಳು ತಿದ್ದಿಟ್ಟ ಇಸ್ಲಾಮಿಕ್ ದಂಡನೀತಿಯ ಮೇಲೆ. ಮೆಕಾಲೆಯ ಕರಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲೇ ಉಳಿಯಿತು. 1857ರ ದಂಗೆಯ ನಂತರ ಬಾರ್ನ್ಸ್ ಪೀಕಾಕ್ ತಿದ್ದಿದ ರೂಪದಲ್ಲಿ 1860ರಲ್ಲಿ ಕಾಯ್ದೆಯಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ರಾಜದ್ರೋಹದ 124ಎ ಕಲಂ ಸೇರಿದ್ದು ಆಮೇಲೆ, 1870ರಲ್ಲಿ.

ಆಳುವವರು ಬರೆದ ಕಾನೂನೇ ಆದರೂ ಅದು ಗಟ್ಟಿಯಾದ ಕೆಲಸವಾಗಿತ್ತು. ಪ್ರತಿ ಅಪರಾಧಕ್ಕೂ ವ್ಯಾಖ್ಯೆ, ವ್ಯಾಖ್ಯೆಯ ಕೆಳಗೆ ಉದಾಹರಣೆ ಎಂಬ ಅದರ ಕಟ್ಟು 162 ವರ್ಷ ಬಾಳಿತು. ಅದರ ಅಂಕಿಗಳು ಆಡುಮಾತಿಗೇ ಇಳಿದುಬಿಟ್ಟವು. ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಎನ್ನಲು ಯಾರೂ ಕಾನೂನು ಓದಬೇಕಿರಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಅಂಕಿಯೂ ಹಾಗೇ, ಕರಾವಳಿಯ ಮಕ್ಕಳಿಗೂ ‘144 ಸೆಕ್ಷನ್’ ಎಂದರೆ ಅಂಗಡಿ ಬಾಗಿಲು ಹಾಕುವ ದಿನ. 2022ರ ಜುಲೈಯಲ್ಲಿ ಬೆಳ್ಳಾರೆಯಲ್ಲಿ ನಡೆದ ಕೊಲೆಯೊಂದರ ನಂತರ ಸುಳ್ಯ, ಪುತ್ತೂರು, ಕಡಬ ತಾಲೂಕುಗಳಲ್ಲಿ ಹೊರಡಿಸಿದ ನಿಷೇಧಾಜ್ಞೆಯೂ ಆ ಕಲಮಿನದೇ. ಈಗ ಮೋಸಕ್ಕೆ 318(4), ನಿಷೇಧಾಜ್ಞೆಗೆ ನಾಗರಿಕ ಸುರಕ್ಷಾ ಸಂಹಿತೆಯ 163. ಕೊಲೆಯ 302 ಈಗ 103, ಕೊಲೆಯತ್ನದ 307 ಈಗ 109, ಕಳ್ಳತನದ 379 ಈಗ 303(2). ಹಳೆಯ ಸಂಹಿತೆಯ 511 ಕಲಂಗಳ ಜಾಗದಲ್ಲಿ ಹೊಸತರಲ್ಲಿ 358 ಇವೆ. ಅಲ್ಲಲ್ಲಿ ಚದುರಿದ್ದ ಕಲಂಗಳನ್ನು ಒಂದೇ ಕಲಮಿನ ಉಪಕಲಂಗಳಾಗಿ ಕೂಡಿಸಿದ್ದರಿಂದಲೇ ಸಂಖ್ಯೆ ಇಷ್ಟು ಇಳಿದದ್ದು. ಅಪರಾಧಗಳ ವ್ಯಾಖ್ಯೆಗಳಲ್ಲಿ ಬಹುಪಾಲು ಹಳೆಯ ಮಾತುಗಳೇ.

ಅಪರಾಧ ಕಾನೂನನ್ನು ತಿದ್ದಬೇಕೆಂಬ ಮಾತು ಹೊಸದಲ್ಲ, ಅದರಲ್ಲಿ ಕನ್ನಡಿಗರೊಬ್ಬರ ಹೆಸರೂ ಇದೆ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಅಧ್ಯಕ್ಷತೆಯಲ್ಲಿ 2000ದಲ್ಲಿ ಕೇಂದ್ರ ಸರ್ಕಾರ ಸಮಿತಿ ಮಾಡಿತ್ತು. 2003ರಲ್ಲಿ ಬಂದ ಅದರ ವರದಿಯಲ್ಲಿ 158 ಶಿಫಾರಸುಗಳಿದ್ದವು. ಸತ್ಯ ಹುಡುಕುವುದೇ ಕೋರ್ಟಿನ ಗುರಿಯಾಗಬೇಕು, ಅಪರಾಧಕ್ಕೆ ತುತ್ತಾದವರಿಗೂ ವಿಚಾರಣೆಯಲ್ಲಿ ಸ್ಥಾನ ಬೇಕು ಎಂಬುದು ಅದರ ಒತ್ತು. ಆಮೇಲೆ 2020ರಲ್ಲಿ ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಸಮಿತಿ ಕೂತಿತು. ಗೃಹ ಸಚಿವ ಅಮಿತ್ ಶಾ 2023ರ ಆಗಸ್ಟ್ 11ರಂದು ಮೂರು ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದರು. ಸ್ಥಾಯಿ ಸಮಿತಿಗೆ ಹೋಗಿ ಬಂದ ಮೇಲೆ ಅವನ್ನು ಹಿಂತೆಗೆದುಕೊಂಡು, ಡಿಸೆಂಬರ್ 12ರಂದು ತಿದ್ದಿದ ಮಸೂದೆಗಳನ್ನು ತಂದರು. ಡಿಸೆಂಬರ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. 25ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಮಸೂದೆಗಳಿಗೆ ಒಪ್ಪಿಗೆ ಸಿಕ್ಕ ವಾರ ಎರಡೂ ಸದನಗಳ ನೂರಕ್ಕೂ ಹೆಚ್ಚು ವಿರೋಧ ಪಕ್ಷದ ಸದಸ್ಯರು ಅಮಾನತಿನಲ್ಲಿದ್ದರು. ಕಡುಬಡವನ ಮನೆ ಬಾಗಿಲಿಗೂ ಬರುವ ಕಾನೂನಿಗೆ ಇದಕ್ಕಿಂತ ಹೆಚ್ಚಿನ ಚರ್ಚೆ ಸಲ್ಲಬೇಕಿತ್ತು. ಆ ಕೊರತೆಯ ಗುರುತು ಕೆಲವು ಕಲಂಗಳಲ್ಲಿ ಕಾಣುತ್ತದೆ.

ಅಡಿಕೆ ಕಳವನ್ನೇ ನೋಡಬಹುದು. ಕೊಯ್ಲು ಮುಗಿದ ಮೇಲೆ ಸವಣೂರಿನ ಸುತ್ತಿನ ಮನೆಗಳಲ್ಲಿ ಅಂಗಳ ತುಂಬ ಅಡಿಕೆ ಹರಡಿರುತ್ತದೆ. ಸಿಪ್ಪೆ ಸಮೇತ ತಿಂಗಳೊಂದೂವರೆ ಬಿಸಿಲು ಕಾಯಬೇಕು, ದಿನ ಬಿಟ್ಟು ದಿನ ಕೈಯಾಡಿಸಬೇಕು, ಒಣಗಿದ್ದನ್ನು ಸುಲಿಸಿ ಗೋಣಿಗೆ ತುಂಬಬೇಕು. ಒಳ್ಳೆಯ ಧಾರಣೆ ಬರಲಿ ಎಂದು ಆ ಗೋಣಿಗಳು ಕೋಣೆಯಲ್ಲೋ ಶೆಡ್ಡಿನಲ್ಲೋ ತಿಂಗಳುಗಟ್ಟಲೆ ಕಾಯುತ್ತವೆ. ಕದಿಯುವವನಿಗೆ ಇದಕ್ಕಿಂತ ಅನುಕೂಲದ ಸೊತ್ತಿಲ್ಲ. ಹೊತ್ತೊಯ್ಯಬಹುದು, ಗುರುತು ಸಿಗುವುದಿಲ್ಲ, ಎಲ್ಲಿ ಬೇಕಾದರೂ ಮಾರಬಹುದು. ಹಳೆಯ ಕಾನೂನಿನಲ್ಲಿ ಕಳವಾದ ಮಾಲಿನ ಬೆಲೆ ಎಷ್ಟೆಂಬುದು ಮುಖ್ಯವಾಗಿರಲಿಲ್ಲ. ದೂರು ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಿ ನೇರ ತನಿಖೆಗೆ ಇಳಿಯಬಹುದಿತ್ತು.

ಹೊಸ 303(2) ಇದನ್ನು ಎರಡು ಭಾಗ ಮಾಡಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಕದ್ದವನು ಮೊದಲ ಸಲ ಶಿಕ್ಷೆಗೆ ಗುರಿಯಾಗುತ್ತಿದ್ದು, ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಹಸಿವಿಗೆ ಗೊನೆ ಬಾಳೆಹಣ್ಣು ಕದ್ದ ಹುಡುಗನನ್ನು ಜೈಲಿಗೆ ತಳ್ಳಿ ಕಸುಬುದಾರ ಕಳ್ಳನಾಗಿಸುವುದಕ್ಕಿಂತ ಇದು ನೂರು ಪಾಲು ಮೇಲು. ಭಾರತದ ದಂಡ ಸಂಹಿತೆಯಲ್ಲಿ ಸಮುದಾಯ ಸೇವೆ ಒಂದು ಶಿಕ್ಷೆಯಾದದ್ದೂ ಇದೇ ಮೊದಲು. ಕಳ್ಳತನವಲ್ಲದೆ ಮಾನಹಾನಿ, ಕುಡಿದು ಸಾರ್ವಜನಿಕವಾಗಿ ರಂಪ ಮಾಡುವುದು ಸೇರಿ ಒಟ್ಟು ಆರು ಅಪರಾಧಗಳಿಗೆ ಅದು ಅನ್ವಯಿಸುತ್ತದೆ.

ತೊಡಕು ಇರುವುದು ಶಿಕ್ಷೆಯಲ್ಲಲ್ಲ, ದೂರಿನಲ್ಲಿ. ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿ 5,000 ರೂಪಾಯಿಗಿಂತ ಕೆಳಗಿನ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಿದೆ. ಠಾಣೆಯ ಮಾತಿನಲ್ಲಿ ಅದು ‘ಎನ್‌ಸಿ’. ಅಂಥ ದೂರನ್ನು ಪುಸ್ತಕದಲ್ಲಿ ಬರೆದುಕೊಂಡು ಪಿರ್ಯಾದಿದಾರನನ್ನು ಮ್ಯಾಜಿಸ್ಟ್ರೇಟರ ಬಳಿ ಕಳುಹಿಸಬೇಕು. ಅವರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಡಿಕೆ ಧಾರಣೆಯನ್ನು ಕಿಲೋಗೆ 400 ರೂಪಾಯಿ ಎಂದು ಹಿಡಿದರೆ 5,000 ರೂಪಾಯಿಗೆ ಹನ್ನೆರಡೂವರೆ ಕಿಲೋ. ಹತ್ತು ಕಿಲೋ ಅಡಿಕೆ, ನಾಲ್ಕು ಕಿಲೋ ಕಾಳುಮೆಣಸು, ಒಂದು ಕಟ್ಟು ರಬ್ಬರ್ ಶೀಟು ಎಲ್ಲವೂ ಈ ಗೆರೆಯ ಕೆಳಗೇ. ಮೂವತ್ತು ಸೆಂಟ್ಸ್ ಜಾಗದಲ್ಲಿ ಅಡಿಕೆ ಬೆಳೆದ ಮನೆಗೆ ಹತ್ತು ಕಿಲೋ ಎಂದರೆ ಸಣ್ಣ ನಷ್ಟವಲ್ಲ. ಒಂದು ದಿನದ ಸಂಬಳ ಬಿಟ್ಟು, ಬಸ್ ಹಿಡಿದು, ವಕೀಲರನ್ನು ಕಂಡು ಕೋರ್ಟಿಗೆ ಹೋಗಬೇಕೆಂದರೆ ಆ ಮನೆಯವರು ಕಳವನ್ನೇ ಮರೆತುಬಿಡುತ್ತಾರೆ. ಶಿಕ್ಷೆ ಹಗುರಗೊಳಿಸುವುದು ಬೇರೆ, ತನಿಖೆಯ ಬಾಗಿಲನ್ನೇ ದೂರ ಇಡುವುದು ಬೇರೆ. ಈ ಎರಡನ್ನೂ ಒಂದೇ ಅಂಕಿಗೆ ಕಟ್ಟಿಹಾಕಿದ್ದು ಹೊಸ ಕಾನೂನಿನ ತಪ್ಪು.

ಆದರೆ ಕಾನೂನಿನ ಒಳಗೇ ಇದಕ್ಕೆ ದಾರಿಯೂ ಇದೆ, ಅದನ್ನು ಪ್ರತಿ ಬೆಳೆಗಾರ ತಿಳಿದಿರುವುದು ಒಳ್ಳೆಯದು. ಮನೆಯೊಳಗಿಂದ ಅಥವಾ ಮಾಲು ಕೂಡಿಡುವ ಕಟ್ಟಡದಿಂದ ಕದ್ದರೆ ಅದು 305ನೇ ಕಲಂ. ಅಲ್ಲಿ 5,000ದ ಗೆರೆಯಿಲ್ಲ, ಏಳು ವರ್ಷದವರೆಗೆ ಶಿಕ್ಷೆಯಿದೆ, ಪೊಲೀಸರೇ ತನಿಖೆ ಮಾಡಬಹುದು. ಶೆಡ್ಡಿನ ಬೀಗ ಒಡೆದು ಐದು ಕಿಲೋ ಒಯ್ದರೂ ಅಷ್ಟೇ. ಇನ್ನು ಬಯಲು ಅಂಗಳದಿಂದ ಹೋದದ್ದಾದರೂ, ಕಳ್ಳತನದ ಉದ್ದೇಶದಿಂದ ಬೇರೆಯವರ ಜಾಗಕ್ಕೆ ನುಗ್ಗುವುದು 329ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶ, ಅದು ಸಂಜ್ಞೇಯ, ಅಂದರೆ ಪೊಲೀಸರೇ ನೇರ ತನಿಖೆ ಮಾಡಬಹುದಾದ ಅಪರಾಧ. ಒಂದು ಪ್ರಕರಣದಲ್ಲಿ ಎರಡು ಅಪರಾಧಗಳಿದ್ದು ಒಂದು ಸಂಜ್ಞೇಯವಾದರೆ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ನೋಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಹೇಳುತ್ತದೆ. ಹಾಗಾಗಿ ದೂರಿನಲ್ಲಿ ‘ಅಡಿಕೆ ಕಳವಾಗಿದೆ’ ಎಂದಷ್ಟೇ ಬರೆಯದೆ, ಬೇಲಿ ದಾಟಿ ಬಂದದ್ದೋ ಬೀಗ ಮುರಿದದ್ದೋ, ಎಲ್ಲಿಂದ ತೆಗೆದದ್ದು ಎಂಬುದನ್ನು ಬಿಡಿಸಿ ಬರೆಯಬೇಕು. ಠಾಣೆಯ ರೈಟರ್ ಯಾವ ಕಲಂ ಹಾಕುತ್ತಾರೆ ಎಂಬುದು ಆ ಎರಡು ಸಾಲಿನ ಮೇಲೆ ನಿಂತಿರುತ್ತದೆ.

ದೂರು ಕೊಡುವ ಕ್ರಮದಲ್ಲಿ ನಾಗರಿಕ ಸುರಕ್ಷಾ ಸಂಹಿತೆ ನಿಜವಾಗಿ ಒಳ್ಳೆಯದನ್ನು ಮಾಡಿದೆ. ಪುತ್ತೂರು ನಗರ, ಪುತ್ತೂರು ಗ್ರಾಮಾಂತರ, ಬೆಳ್ಳಾರೆ, ಕಡಬ, ಸುಬ್ರಹ್ಮಣ್ಯ, ಸುಳ್ಯ ಹೀಗೆ ಠಾಣೆಗಳ ಗಡಿಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ದಕ್ಷಿಣಕ್ಕೆ ಹೋದರೆ ಕಾಸರಗೋಡು, ಅಂದರೆ ಬೇರೆಯೇ ರಾಜ್ಯ. ‘ಇದು ನಮ್ಮ ಲಿಮಿಟ್ ಅಲ್ಲ’ ಎಂಬ ಮಾತು ಕೇಳಿ ಹಿಂತಿರುಗಿದವರು ಎಲ್ಲ ಊರುಗಳಲ್ಲೂ ಇದ್ದಾರೆ. 173ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದನ್ನು ‘ಜೀರೋ ಎಫ್‌ಐಆರ್’ ಮಾಡಿ ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಪೊಲೀಸರ ಕೆಲಸ. 2012ರ ದಿಲ್ಲಿ ಅತ್ಯಾಚಾರ ಪ್ರಕರಣದ ನಂತರ ಸುತ್ತೋಲೆಗಳಲ್ಲಿದ್ದ ಈ ಪದ್ಧತಿ ಈಗ ಕಾನೂನಿನ ಮಾತಾಗಿದೆ. ಮೊಬೈಲಿನಲ್ಲೋ ಇ-ಮೇಲಿನಲ್ಲೋ ದೂರು ಕಳುಹಿಸಿ ಮೂರು ದಿನದೊಳಗೆ ಸಹಿ ಹಾಕಬಹುದು. ಬಾಯಿಮಾತಿನ ದೂರನ್ನು ಬರೆದುಕೊಂಡು ಕೊಟ್ಟವರಿಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಮಾತಾಡುವವರ ಹೇಳಿಕೆ ಕನ್ನಡದ ಕಾಗದಕ್ಕೆ ಇಳಿಯುವ ಈ ನೆಲದಲ್ಲಿ ಆ ಓದಿ ಹೇಳುವಿಕೆಗೆ ಬಹಳ ಬೆಲೆಯಿದೆ.

ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಶೋಧನೆ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ಸರಿ, ಚಿತ್ರೀಕರಿಸಬೇಕು. ಇದುವರೆಗೆ ಮಹಜರು ಎಂದರೆ ಪಂಚರ ಸಹಿ. ಆ ಪಂಚರು ಎಷ್ಟೋ ಸಲ ವರ್ಷಗಳ ನಂತರ ಕೋರ್ಟಿನಲ್ಲಿ ‘ಠಾಣೆಯಲ್ಲಿ ಸಹಿ ಹಾಕಿಸಿಕೊಂಡರು’ ಎಂದು ಹೇಳಿ ಪ್ರಕರಣ ಬಿದ್ದುಹೋಗುತ್ತಿತ್ತು. ವಿಡಿಯೊ ಇದ್ದರೆ ಅಮಾಯಕನಿಗೂ ರಕ್ಷೆ, ಪ್ರಾಮಾಣಿಕ ಪೊಲೀಸನಿಗೂ ರಕ್ಷೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ ನಿಯಮವೂ ಇದೆ. ಅದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಮಂಗಳೂರಿನ ಪ್ರಾದೇಶಿಕ ಪ್ರಯೋಗಾಲಯದ ಕೆಲಸದ ಹೊರೆ ಇದರಿಂದ ಏರುತ್ತದೆ. ಕುಮಾರಧಾರೆ ದಾಟಿ ಘಟ್ಟದ ಬುಡದ ಊರಿಗೆ ರಾತ್ರಿ ಮಳೆಯಲ್ಲಿ ತಂಡ ಮುಟ್ಟಬೇಕಾದರೆ ಜನರೂ ವಾಹನವೂ ಬೇಕು, ಕಾಗದದ ಮೇಲಿನ ಕಲಂ ಸಾಲದು.

ವಾದ ಮುಗಿದ 30 ದಿನದೊಳಗೆ, ಕಾರಣವಿದ್ದರೆ 45 ದಿನದೊಳಗೆ ತೀರ್ಪು ಬರಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು. ಜಾಗದ ಜಗಳದಲ್ಲಿ ವಯಸ್ಸಾದ ತಂದೆಯ ಹೆಸರನ್ನೂ ಸೇರಿಸಿ ಹೆದರಿಸುವ ಹಳೆಯ ಚಾಳಿಗೆ ಇದು ಸ್ವಲ್ಪವಾದರೂ ಕಡಿವಾಣ. ಮೊದಲ ಸಲ ಆರೋಪ ಹೊತ್ತ ವಿಚಾರಣಾಧೀನ ಕೈದಿ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಜಾಮೀನಿಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು.

ಪೊಲೀಸ್ ಕಸ್ಟಡಿಯ ನಿಯಮ ಮಾತ್ರ ಆತಂಕ ಹುಟ್ಟಿಸುವಂಥದ್ದು. ಒಟ್ಟು 15 ದಿನ ಎಂಬ ಮಿತಿ ಹಾಗೇ ಇದೆ. ಆದರೆ ಮೊದಲು ಅದು ಬಂಧನದ ಮೊದಲ 15 ದಿನಕ್ಕೇ ಮುಗಿಯುತ್ತಿತ್ತು. ಈಗ ಅಪರಾಧದ ಗಾತ್ರ ನೋಡಿ ಮೊದಲ 40 ಅಥವಾ 60 ದಿನಗಳೊಳಗೆ ಬಿಡಿಬಿಡಿಯಾಗಿ ಕೇಳಬಹುದು. ನ್ಯಾಯಾಂಗ ಬಂಧನಕ್ಕೆ ಹೋದವನನ್ನು ಮತ್ತೆ ಠಾಣೆಗೆ ಕರೆತರಬಹುದು ಎಂದಾದರೆ ಜಾಮೀನು ಸಿಗುವುದೂ ಕಷ್ಟವಾಗುತ್ತದೆ. ಮಂಗಳೂರು ಕಡೆಯ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಕೊನೆಯಲ್ಲಿ ಈ ಕಲಮನ್ನು ಬಿಡಿಸಿ ಓದಿತು. ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ಕಸ್ಟಡಿ ಮೊದಲ 40 ದಿನದೊಳಗೇ ಮುಗಿಯಬೇಕೆಂದು ಹೇಳಿತು.

ಹೊಸದಾಗಿ ಸೇರಿದವುಗಳಲ್ಲಿ ಗುಂಪುಹತ್ಯೆ, ಸಂಘಟಿತ ಅಪರಾಧ, ಭಯೋತ್ಪಾದನೆ, ಮದುವೆಯಾಗುವುದಾಗಿ ನಂಬಿಸಿ ಮೋಸದಿಂದ ಲೈಂಗಿಕ ಸಂಪರ್ಕ, ಸರ ಕಸಿಯುವುದು ಇವು ಮುಖ್ಯ. ಸಂಘಟಿತ ಅಪರಾಧಕ್ಕೆ ಕರ್ನಾಟಕದಲ್ಲಿ 2000ದ ಕಾಯ್ದೆ ಆಗಲೇ ಇದೆ. ಒಂದೇ ಕೃತ್ಯಕ್ಕೆ ಈಗ ಎರಡು ಕಾನೂನುಗಳು. ಅಜಾಗರೂಕತೆಯಿಂದ ಸಾವು ತಂದವರಿಗೆ ಎರಡು ವರ್ಷವಿದ್ದ ಶಿಕ್ಷೆ ಐದಕ್ಕೆ ಏರಿದೆ. ಅಪಘಾತ ಮಾಡಿ ತಿಳಿಸದೆ ಓಡಿದವರಿಗೆ ಹತ್ತು ವರ್ಷ ಎನ್ನುವ 106(2) ಮಾತ್ರ, 2024ರ ಜನವರಿಯ ಲಾರಿ ಚಾಲಕರ ಮುಷ್ಕರದ ನಂತರ ತಡೆಹಿಡಿದದ್ದರಿಂದ, ಜುಲೈ 1ರಂದು ಉಳಿದವುಗಳ ಜೊತೆ ಜಾರಿಗೆ ಬರಲಿಲ್ಲ. ರಾಜದ್ರೋಹದ ಹೆಸರು ಹೋಗಿದೆ, ಆದರೆ ದೇಶದ ಸಾರ್ವಭೌಮತೆಗೆ ಧಕ್ಕೆ ತರುವ ಕೃತ್ಯಗಳ 152ನೇ ಕಲಂ ಅದಕ್ಕಿಂತ ಅಗಲವಾಗಿದೆ.

ಹಳೆಯ ಸಂಹಿತೆಯಿಂದ ಕೈಬಿಟ್ಟದ್ದರಲ್ಲಿ, ‘ಪ್ರಕೃತಿಗೆ ವಿರುದ್ಧ’ವಾದ ಲೈಂಗಿಕ ಕೃತ್ಯಗಳ 377ನೇ ಕಲಂ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದು. ತುಮಕೂರು ಜಿಲ್ಲೆಯಲ್ಲಿ ಯುವತಿಯನ್ನು ಕೊಂದು ಶವದ ಮೇಲೆ ಅತ್ಯಾಚಾರ ಮಾಡಿದ ಪ್ರಕರಣ ಕರ್ನಾಟಕ ಹೈಕೋರ್ಟಿನ ಮುಂದಿತ್ತು. 2023ರ ಮೇ 30ರಂದು ನ್ಯಾಯಮೂರ್ತಿಗಳಾದ ಬಿ. ವೀರಪ್ಪ ಮತ್ತು ಟಿ. ವೆಂಕಟೇಶ ನಾಯ್ಕ ಅವರ ಪೀಠ ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಶವದ ಮೇಲಿನ ಕೃತ್ಯವನ್ನು ಅತ್ಯಾಚಾರವೆಂದು ಶಿಕ್ಷಿಸಲು ಕಾನೂನಿನಲ್ಲಿ ಕಲಂ ಇಲ್ಲವೆಂದು ಆರೋಪಿಯನ್ನು ಆ ಆರೋಪದಿಂದ ಬಿಟ್ಟಿತು. ಆರು ತಿಂಗಳೊಳಗೆ 377ನ್ನು ತಿದ್ದಬೇಕು ಅಥವಾ ಹೊಸ ಕಲಂ ತರಬೇಕು ಎಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಏಳು ತಿಂಗಳು ತುಂಬುವ ಮೊದಲೇ ಸಂಸತ್ತು ಇಡೀ ಸಂಹಿತೆಯನ್ನು ಹೊಸದಾಗಿ ಬರೆಯಿತು. 377 ಪೂರ್ತಿ ಹೋಯಿತು, ಹೊಸ ಕಲಂ ಬರಲಿಲ್ಲ. ಗಂಡಸರ ಮೇಲೆ, ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೂ ಅತ್ಯಾಚಾರದಷ್ಟು ತೂಕದ ಕಲಂ ಈಗ ಇಲ್ಲ. ಕೈಯಲ್ಲಿ ತೀರ್ಪು ಇದ್ದೂ ಬಿಟ್ಟುಹೋದ ಈ ಜಾಗ ಕ್ಷಮಿಸುವಂಥದ್ದಲ್ಲ.

ರಾಜ್ಯದ ಕಾನೂನು ಸಚಿವ ಎಚ್.ಕೆ. ಪಾಟೀಲರು ಹೊಸ ಕಾನೂನು ಜಾರಿಯಾದಾಗ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಇನ್ನೊಂದು ಉಪವಾಸ ಸತ್ಯಾಗ್ರಹದ್ದು. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಾಯ ಹೇರಲು ಅಥವಾ ತಡೆಯೊಡ್ಡಲು ಆತ್ಮಹತ್ಯೆಗೆ ಯತ್ನಿಸುವುದನ್ನು 226ನೇ ಕಲಂ ಅಪರಾಧವೆನ್ನುತ್ತದೆ. ಉಪವಾಸ ಕೂತವರ ಮೇಲೂ ಇದನ್ನು ಹೇರಬಹುದು ಎಂಬುದು ಅವರ ವಾದ. ಗಾಂಧೀಜಿ ಹೋರಾಟದ ದಾರಿಯಾಗಿ ತೋರಿಸಿದ್ದು ಅಪರಾಧವಾಗಬಾರದು ಎಂದ ರಾಜ್ಯ ಸರ್ಕಾರ, ತನ್ನ ತಿದ್ದುಪಡಿಗಳನ್ನು ತರುವುದಾಗಿಯೂ ಹೇಳಿತು.

ಒಂದು ರಾಜ್ಯ ಕೇಂದ್ರದ ಸಂಹಿತೆಯನ್ನು ತಿದ್ದಲು ಸಾಧ್ಯವೇ ಎಂಬ ಪ್ರಶ್ನೆಗೆ ಕರಾವಳಿಯವರಿಗೆ ಕಂಬಳದ ಗದ್ದೆಯಲ್ಲೇ ಉತ್ತರವಿದೆ. ಪ್ರಾಣಿಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಅದರ ಕಾರಣಕ್ಕೆ ಕಂಬಳ ನಿಂತಾಗ ಕರ್ನಾಟಕ 2017ರಲ್ಲಿ ಆ ಕಾಯ್ದೆಗೆ ತನ್ನದೇ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅಪರಾಧ ಕಾನೂನು ಮತ್ತು ಅದರ ಪ್ರಕ್ರಿಯೆಯೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಸಂವಿಧಾನದ 254(2)ನೇ ವಿಧಿಯಂತೆ ವಿಧಾನಮಂಡಲ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದರೆ ಆ ರಾಜ್ಯದ ಮಟ್ಟಿಗೆ ಅದೇ ಕಾನೂನು. ಪಶ್ಚಿಮ ಬಂಗಾಳದ ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ, ತಮಿಳುನಾಡಿನ ವಿಧಾನಸಭೆ 2025ರ ಜನವರಿಯಲ್ಲಿ ಹೊಸ ಸಂಹಿತೆಗಳಿಗೆ ಇಂಥ ತಿದ್ದುಪಡಿ ಮಸೂದೆಗಳನ್ನು ಅಂಗೀಕರಿಸಿವೆ. ಆದರೆ ಅಂಕಿತ ಕೊಡುವುದು ಕೇಂದ್ರ ಸಚಿವ ಸಂಪುಟದ ಸಲಹೆಯ ಮೇಲೆ. ಆ ದಾರಿ ಉದ್ದ.

ಅಂಕಿತ ಬೇಡದ ಕೆಲಸಗಳೇ ರಾಜ್ಯದ ಕೈಯಲ್ಲಿ ಬೇಕಾದಷ್ಟಿವೆ. ಸಾಕ್ಷಿಗಳ ರಕ್ಷಣೆಗೆ ಯೋಜನೆ ಮಾಡಬೇಕಾದ್ದು ರಾಜ್ಯ ಸರ್ಕಾರ. ಮೊಬೈಲಿಗೆ ಸಮನ್ಸ್ ಕಳುಹಿಸುವ ನಿಯಮವನ್ನೂ ಅದೇ ಬರೆಯಬೇಕು. ಸಮುದಾಯ ಸೇವೆ ಎಂದರೆ ಸಮಾಜಕ್ಕೆ ಉಪಯೋಗವಾಗುವ, ಕೂಲಿಯಿಲ್ಲದ ಕೆಲಸ ಎಂದಷ್ಟೇ ಸಂಹಿತೆ ಹೇಳಿದೆ. ಆಸ್ಪತ್ರೆಯ ವಾರ್ಡಿನಲ್ಲೋ, ಶಾಲೆಯ ತೋಟದಲ್ಲೋ, ಎಷ್ಟು ದಿನ, ಯಾರ ಉಸ್ತುವಾರಿಯಲ್ಲಿ ಎಂಬುದನ್ನು ಸ್ಪಷ್ಟ ಮಾಡದಿದ್ದರೆ ಒಳ್ಳೆಯ ಶಿಕ್ಷೆಯೊಂದು ಹೆಸರಿಗೆ ಮಾತ್ರ ಉಳಿಯುತ್ತದೆ. ಅಡಿಕೆ ಕಳವಿನ ಎನ್‌ಸಿ ದೂರುಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ತ್ವರಿತವಾಗಿ ಇಡಲು ಠಾಣೆಗಳಿಗೆ ಸೂಚನೆ ಕೊಡುವುದಕ್ಕೂ ದಿಲ್ಲಿಗೆ ಹೋಗಬೇಕಿಲ್ಲ.

ಹೊಸದು ಬಂತೆಂದು ಹಳೆಯದು ಸುಮ್ಮನೆ ಹೋಗಿಲ್ಲ. 2024ರ ಜೂನ್ 30ರ ನಡುರಾತ್ರಿಯ ಮೊದಲು ನಡೆದ ಅಪರಾಧಕ್ಕೆ, ದೂರು ಯಾವಾಗ ಕೊಟ್ಟಿದ್ದರೂ, ದಂಡ ಸಂಹಿತೆಯ ಕಲಂಗಳೇ ಅನ್ವಯ. ಆ ದಿನದ ಮೊದಲು ಶುರುವಾಗಿದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು ಹಳೆಯ ಪ್ರಕ್ರಿಯೆಯಲ್ಲೇ ಮುಂದುವರಿಯುತ್ತವೆ. ಪುತ್ತೂರು, ಸುಳ್ಯದ ಕೋರ್ಟುಗಳಲ್ಲಿ ಒಂದೇ ದಿನದ ವಾಯಿದೆ ಪಟ್ಟಿಯಲ್ಲಿ 379 ಇರುವ ಕಳವಿನ ಪ್ರಕರಣವೂ 303(2) ಇರುವ ಕಳವಿನ ಪ್ರಕರಣವೂ ಬರುತ್ತವೆ. ಹಳೆಯ ಪ್ರಕರಣಗಳು, ಅವುಗಳ ಮೇಲ್ಮನವಿಗಳು ತೀರುವ ತನಕ ವಕೀಲರು ಎರಡೂ ಪುಸ್ತಕಗಳನ್ನು ಜೊತೆಗಿಟ್ಟುಕೊಳ್ಳಬೇಕು.